ನಿಮ್ಮ ಬೆಟ್ಟ, ಅವರ ಕಾಡು

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: ‘ಕಳೆದ ಸಂಚಿಕೆಯಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಡಿನ ಜನ ಸೋಲಿಗರ ಬಗ್ಗೆ ಬರಹ ಓದಿದೆ. ಹುಲಿ ಮೀಸಲು ಅಂದ ಮೇಲೆ ಅಲ್ಲಿ ಜನ ಯಾಕೆ? ಊರಲ್ಲಿ ಒಳ್ಳೆ ಮನೆ ಕೊಟ್ಟು, ಕಾಡನ್ನು ಅದರ ಪಾಡಿಗೆ ಬಿಡಬೇಕು. ನಮ್ಮ ಮುಂಬಯಿಯ ರಾಷ್ಟ್ರೀಯ ಉದ್ಯಾನ, ಬೊರಿವಲಿ ಪಾರ್ಕ್‌ನ ಆದಿವಾಸಿ ಪಾಡಾಗಳಿಗೂ (ಹಟ್ಟಿಗಳಿಗೂ) ಇದೇ ಮಾತು. ನಾನೂ ಸಿದ್ದಾಪುರದ ತೋಟದ ಮನೆಯಲ್ಲಿ ಬೆಳೆದವನು, ಕಾಡಿನ ಬೆಲೆ ಗೊತ್ತು.’

ಪ್ರಿಯ ಓದುಗರೇ,

ನಿಮ್ಮ ಪತ್ರದ ಕೊನೆಯ ಸಾಲು ಓದಿ ನಗು ಬಂತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನೀವು ಹೇಳಿದ್ದರಲ್ಲಿ ನಿಜವಾದದ್ದನ್ನು ಮೊದಲು ಒಪ್ಪಿಬಿಡೋಣ. ಬಂದವರೆಲ್ಲ ಮನೆ ಕಟ್ಟಿಕೊಂಡರೆ ಯಾವ ಕಾಡೂ ಉಳಿಯುವುದಿಲ್ಲ. ಬೊರಿವಲಿ ಪಾರ್ಕ್‌ನಲ್ಲಿ ಹಾಗಾಗಿಯೇ 1997ರಲ್ಲಿ ಹೈಕೋರ್ಟ್ ತೆರವಿಗೆ ಆದೇಶ ಕೊಡಬೇಕಾಯಿತು. ಚಿರತೆ ಮಗುವನ್ನು ಹೊತ್ತೊಯ್ದ ಸುದ್ದಿ ಓದಿದರೆ ನನ್ನ ಎದೆಯೂ ನಡುಗುತ್ತದೆ. ಸರಿ, ಅಷ್ಟಾಯಿತು.

ಆದರೆ ಅಲ್ಲಿನ ಪಾಡಾಗಳ ಆದಿವಾಸಿಗಳು, ವಾರ್ಲಿಗಳು, ಅವರನ್ನು ಆ ಲೆಕ್ಕಕ್ಕೆ ಸೇರಿಸಬೇಡಿ. ಅದು ಪಾರ್ಕ್ ಆಗುವ ಮೊದಲೇ ಅಲ್ಲಿದ್ದವರು ಅವರು. ಹುಲಿ, ಚಿರತೆ ಅವರಿಗೆ ವಾಘೋಬಾ ಅನ್ನುವ ದೇವರು. ಅದಕ್ಕೆ ಗುಡಿ ಇದೆ, ಪೂಜೆ ಇದೆ. ನಮಗೆ ಚಿರತೆ ಅಂದರೆ ವಾಟ್ಸ್ಯಾಪ್‌ನಲ್ಲಿ ಬರುವ ಸಿಸಿಟಿವಿ ವಿಡಿಯೋ.

ಪ್ರತಿ ಜೂನ್‌ನಲ್ಲಿ ನಾನು ಠಾಣೆ ಸ್ಟೇಷನ್ ಹೊರಗೆ ಕಾಡು ಸೊಪ್ಪು ಮಾರುವ ಹೆಂಗಸರ ಮುಂದೆ ಕುಕ್ಕರಗಾಲಲ್ಲಿ ಕೂರುತ್ತೇನೆ. ಅವರು ಟಾಕಳಾ ಅನ್ನುವುದು ನಮ್ಮ ಚಗಟೆ ಸೊಪ್ಪು, ತುಳುವರ ತಜಂಕ್. ಅದರ ಅಂಬಡೆ ತಿಂದವರಿಗೇ ಗೊತ್ತು. ಪಕ್ಕದಲ್ಲಿ ಶೇವಳಾ ಇರುತ್ತದೆ, ಸುವರ್ಣಗೆಡ್ಡೆಯ ಕಾಡು ನೆಂಟನ ಹೂದಂಟು. ಹೋದ ವರ್ಷ ಒಬ್ಬ ಅಜ್ಜಿಯನ್ನು ಕೇಳಿದೆ: ‘ಗೆಡ್ಡೆ ಯಾಕೆ ತರಲ್ಲ, ಮಾವ್ಶಿ?’ ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ‘ಗೆಡ್ಡೆಯನ್ನೂ ನಿನಗೇ ಕೊಟ್ಟರೆ ಮುಂದಿನ ಮಳೆಗೆ ನಾನೇನು ತರಲಿ?’ ಅಂದರು. ಆಮೇಲೆ ಒಂದು ಹಿಡಿ ಕಾಕಡದ ಕಾಯಿ ಚೀಲಕ್ಕೆ ಹಾಕಿದರು, ದುಡ್ಡು ತಗೊಳ್ಳಲಿಲ್ಲ. ಆ ಹುಳಿ ಬೀಳದಿದ್ದರೆ ಶೇವಳಾ ಗಂಟಲು ತುರಿಸುತ್ತದೆ. ಏನೂ ಗೊತ್ತಿಲ್ಲದ ಗಿರಾಕಿ ಅಂತ ಕನಿಕರ ಇರಬೇಕು.

ಸೋಲಿಗರದ್ದೂ ಇದೇ ಲೆಕ್ಕ. ಹೆಜ್ಜೇನು ಇಳಿಸುವಾಗ ತಟ್ಟಿಯಲ್ಲಿ ಒಂದು ಪಾಲು ಹುಳಕ್ಕೇ ಬಿಡುತ್ತಾರೆ. 1974ರಲ್ಲಿ ಬಿಳಿಗಿರಿ ಅಭಯಾರಣ್ಯ ಆಯಿತು. ಪೋಡುಗಳನ್ನು, ಅಂದರೆ ಸೋಲಿಗರ ಹಾಡಿಗಳನ್ನು, ಎಬ್ಬಿಸಿ ಬೇರೆ ಕಡೆ ಕೂರಿಸಿದರು. ಬೇಟೆ ನಿಂತಿತು, ಅದು ಬಿಡಿ. ತರಗು ಬೆಂಕಿಯೂ ನಿಂತಿತು. ಬಿಸಿಲು ಏರುವ ಮುಂಚೆ ತರಗೆಲೆಗೆ ಹಚ್ಚುವ ಸಣ್ಣ ಬೆಂಕಿ ಅದು, ನೆಲ ನೆಕ್ಕಿಕೊಂಡು ಹೋಗಿ ಆರುವಂಥದ್ದು. ಅದು ನಿಂತ ಮೇಲೆ ಲಂಟಾನದ ಕಳೆ ಆಳೆತ್ತರ ಎದ್ದಿತು, ನೆಲ್ಲಿ ಮರಕ್ಕೆ ಅದರ ರಸ ಹೀರುವ ಬದನಿಕೆ ಹತ್ತಿತು ಅಂತ ಸೋಲಿಗರು ಹೇಳುತ್ತಲೇ ಬಂದರು. ಯಾರು ಕೇಳಬೇಕು? ಎಷ್ಟೋ ವರ್ಷದ ಮೇಲೆ ಸಂಶೋಧಕರು ಟೇಪು ಹಿಡಿದು ಬಂದು, ಹೌದಲ್ಲ, ಇವರ ಮಾತಲ್ಲಿ ಹುರುಳಿದೆ ಅಂದರು. ಒಣಗಿದ ಲಂಟಾನಕ್ಕೆ ಬೆಂಕಿ ಬಿದ್ದರೆ ಅದು ನೆಲ ನೆಕ್ಕುವುದಿಲ್ಲ, ಮರ ನುಂಗುತ್ತದೆ.

2011ರಲ್ಲಿ ಅದೇ ಕಾಡು ಹುಲಿ ಮೀಸಲು ಆಯಿತು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ, ಸೋಲಿಗರ ಗ್ರಾಮಸಭೆಗಳಿಗೆ ಜೇನು, ನೆಲ್ಲಿಕಾಯಿ, ಪಾಚಿ ಕೂಡಿಸುವ ಹಕ್ಕುಪತ್ರವೂ ಸಿಕ್ಕಿತು. ಹುಲಿ ಓಡಿಹೋಯಿತೇ? 2010ರಲ್ಲಿ 35 ಇದ್ದ ಎಣಿಕೆ 2014ರಲ್ಲಿ 68 ಅಂತ ಪತ್ರಿಕೆಗಳಲ್ಲೇ ಬಂತು. 2022ರ ಗಣತಿಯಲ್ಲಿ ಬಿಳಿಗಿರಿಯ ಕಡೆ ಇಳಿಕೆ ಕಂಡದ್ದನ್ನೂ ನಾನು ಮುಚ್ಚಿಡುವುದಿಲ್ಲ. ಆದರೆ ಅದಕ್ಕೆ ನೆಲ್ಲಿಕಾಯಿ ಆಯುವ ಮುದುಕನೇ ಕಾರಣ ಅಂದರೆ ನಾನಂತೂ ನಂಬಲ್ಲ.

ನಮ್ಮ ಮಹಾರಾಷ್ಟ್ರದ್ದೇ ಮಾತು ಬೇಕಾದರೆ ಗಡಚಿರೋಲಿಯ ಮೇಂಢಾ ಲೇಖಾ ನೋಡಿ. ಗೊಂಡರ ಪುಟ್ಟ ಊರು. 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಹಕ್ಕು ಪಡೆಯಿತು, ಆಮೇಲೆ ಬಿದಿರನ್ನು ತಾನೇ ಮಾರಿತು. ‘ದಿಲ್ಲಿ ಮುಂಬಯಿಯಲ್ಲಿ ನಮ್ಮ ಸರ್ಕಾರ, ನಮ್ಮೂರಲ್ಲಿ ನಾವೇ ಸರ್ಕಾರ’ ಅನ್ನುವುದು ಅವರ ಘೋಷಣೆ. ನಮ್ಮ ಹೌಸಿಂಗ್ ಸೊಸೈಟಿಯ ಸಭೆಗೆ ಕೋರಮ್ ಆಗುವುದಿಲ್ಲ, ಗೊತ್ತಲ್ಲ!

ಕಾಡು ಖಾಲಿ ಮಾಡಿ ಅನ್ನುವವರು ಯಾರು ಅಂತ ಒಮ್ಮೆ ನೋಡಿ. ನಾವೇ. ನನ್ನ ಕಿಟಕಿಯಿಂದ ಠಾಣೆಯ ಯೇವೂರಿನ ಕಾಡುಗುಡ್ಡ ಕಾಣುತ್ತದೆ. ‘ಫಾರೆಸ್ಟ್ ವ್ಯೂ’ ಅಂತ ಬಿಲ್ಡರ್ ಚದರಡಿಗೆ ಜಾಸ್ತಿ ಕಿತ್ತುಕೊಂಡ, ನಾನು ಹಲ್ಲು ಕಿರಿದು ಕೊಟ್ಟೆ. 2019ರ ಅಕ್ಟೋಬರ್‌ನಲ್ಲಿ ಮುಂಬಯಿಯ ಆರೇ ಕಾಡಲ್ಲಿ ಮೆಟ್ರೊ ಶೆಡ್‌ಗಾಗಿ ರಾತ್ರೋರಾತ್ರಿ 2,000ಕ್ಕೂ ಹೆಚ್ಚು ಮರ ಉರುಳಿದವು. ಕಡಿಸಿದ್ದು ವಾರ್ಲಿಗಳಲ್ಲ. ಮೆಟ್ರೊದಲ್ಲಿ ಅಂಧೇರಿಗೆ ಬೇಗ ಹೋಗಬೇಕಾದವರು ನಾವು. ಇನ್ನು ನಮ್ಮ ಸಂಘಗಳ ಪರಿಸರ ದಿನ! ಹೊಸ ಟೀ ಶರ್ಟು, ಪ್ಲಾಸ್ಟಿಕ್ ಬಾಟಲಿಯ ನೀರು, ಹೋದ ವರ್ಷದ ಗುಂಡಿಯಲ್ಲೇ ಈ ವರ್ಷದ ಗಿಡ. ಅದರ ಫೋಟೊ ನಮ್ಮ ಪತ್ರಿಕೆಗೇ ಬರುತ್ತದೆ. ಹಾಕುತ್ತೇವೆ, ಏನು ಮಾಡುವುದು.

ಈಗ ನಗು ಬಂದ ವಿಷಯ. ಸಿದ್ದಾಪುರದ ತೋಟದ ಮನೆ ಅಂದಿರಿ. ತೋಟ ಅಂದ ಮೇಲೆ ಗೊಬ್ಬರದ ಸೊಪ್ಪಿಗೆ ಬಿಟ್ಟುಕೊಟ್ಟ ಕಾಡು, ಸೊಪ್ಪಿನ ಬೆಟ್ಟ, ಇರಲೇಬೇಕು, ಅಲ್ವಾ? ಒಂದು ಎಕರೆ ಅಡಿಕೆಗೆ 9 ಎಕರೆವರೆಗೆ ಬೆಟ್ಟ, ಬ್ರಿಟಿಷರ ಕಾಲದಿಂದ ಬಂದ ಸವಲತ್ತು. ನೆಲ ಸರ್ಕಾರದ್ದು, ಸೊಪ್ಪು ನಿಮ್ಮದು. ನಿಮ್ಮಜ್ಜ ಅಲ್ಲಿ ಸೊಪ್ಪು ಕಡಿದಿದ್ದಾರೆ, ದರಕು ಗುಡಿಸಿದ್ದಾರೆ, ಮುರುಗಲು ಆಯ್ದಿದ್ದಾರೆ. ನಿಮ್ಮ ದರಕೇ ಸೋಲಿಗರ ತರಗು, ಸ್ವಾಮಿ. ಡೊಂಬಿವಲಿಯಲ್ಲಿ ಫ್ಲ್ಯಾಟ್ ಕೊಡ್ತೇವೆ, ಬೆಟ್ಟ ಬಿಟ್ಟು ಹೊರಡಿ ಅಂತ ಯಾರಾದರೂ ಅಜ್ಜನಿಗೆ ಹೇಳಿದ್ದರೆ? ನೀವು ಬಂದಿರಿ, ನಿಜ. ನೀವಾಗಿ ಬಂದಿರಿ. ಊರ ಮನೆಯ ಬೀಗದ ಕೈ ಇನ್ನೂ ನಿಮ್ಮ ಹತ್ತಿರ ಇದೆ.

ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಅಕ್ಷರ ಮುತ್ತಿನ ಹಾಗಿದೆ, ಕಾಗುಣಿತ ತಪ್ಪಿಲ್ಲ. ಈ ಊರಲ್ಲಿ ಅಂಥ ಪತ್ರ ಬರುವುದೇ ಅಪರೂಪ. ನಿಮ್ಮಜ್ಜನ ಬೆಟ್ಟದಲ್ಲಿ ಯಾವ ಮರದ ಸೊಪ್ಪು ಕಡಿಯುತ್ತಿದ್ದರು, ಯಾವುದನ್ನು ಮುಟ್ಟುತ್ತಿರಲಿಲ್ಲ, ಅದನ್ನು ಎರಡು ಪುಟ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಅಂದ ಹಾಗೆ, ನಿಮ್ಮ ಚಂದಾ ಮಾರ್ಚ್‌ಗೇ ಮುಗಿದಿದೆ.

ಸಂಪಾದಕ