ಫಲಕದ ಮೇಲಿನ ಎಲೆ

ಪ್ರಶ್ನೆ: ನಮ್ಮ ಬೀದಿಯಲ್ಲಿ ಹೆಂಪ್ (ಗಾಂಜಾ ಜಾತಿಯ ಗಿಡ) ಬೀಜದ ಎಣ್ಣೆ ಮಾರುವ ಅಂಗಡಿಯೊಂದು ತೆರೆದಿದೆ. ಫಲಕದ ಮೇಲಿನ ಗಾಂಜಾ ಎಲೆಯ ಚಿತ್ರವನ್ನು ಕಂಡು ನೆರೆಹೊರೆಯವರು ಆತಂಕಗೊಂಡಿದ್ದಾರೆ. ಇದು ಕಾನೂನುಬದ್ಧವೇ?
— ಓದುಗರೊಬ್ಬರು, ಬಸವನಗುಡಿ

ಉತ್ತರ: 1985ರ ಮಾದಕ ವಸ್ತುಗಳ ಕಾಯ್ದೆಯು ಗಾಂಜಾ ಎಂದು ಕರೆಯುವುದು ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳನ್ನು; ಆ ತುದಿಗಳೊಂದಿಗೆ ಬೆರೆಯದ ಬೀಜವೂ ಎಲೆಯೂ ಆ ವ್ಯಾಖ್ಯೆಯಿಂದ ಹೊರಗಿವೆ. ಬೀಜ, ಅದರ ಎಣ್ಣೆ ಹಾಗೂ ಹಿಟ್ಟನ್ನು ಆಹಾರವಾಗಿ ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರವು 2021ರಲ್ಲಿ ಷರತ್ತುಗಳೊಂದಿಗೆ ಅನುಮತಿ ನೀಡಿದೆ. ಬಾಟಲಿಯ ಚೀಟಿಯ ಮೇಲೆ 14 ಅಂಕಿಗಳ ಪರವಾನಗಿ ಸಂಖ್ಯೆ ಇದೆಯೇ ಎಂದು ಮೊದಲು ನೋಡಿರಿ; ಇಲ್ಲದಿದ್ದರೆ ಆಹಾರ ಸುರಕ್ಷತಾ ಅಧಿಕಾರಿಗೆ ಲಿಖಿತ ದೂರು ಕೊಡಬಹುದು. ಶಾಲೆಗೆ ಹೋಗುವ ಮಕ್ಕಳು ದಿನವೂ ನೋಡುವ ಆ ಚಿತ್ರದ ಬಗೆಗಿನ ನಿಮ್ಮ ಆತಂಕ ನ್ಯಾಯವಾದುದೇ. ಅದನ್ನು ತೆಗೆಯುವಂತೆ ನಿವಾಸಿಗಳ ಸಂಘದ ಮೂಲಕ ಅಂಗಡಿಯವರನ್ನು ನೇರವಾಗಿ ಕೇಳಿರಿ.