ಹಳೆಯ ಬೇಟೆ ರೈಫಲ್‌ಗೆ ನ್ಯಾಯವಾದ ಬೆಲೆ ಎಷ್ಟು?

ಪ್ರಶ್ನೆ: ತೀರಿಕೊಂಡ ನಮ್ಮ ದೊಡ್ಡಪ್ಪನವರ ವಿಂಚೆಸ್ಟರ್ ಮಾಡೆಲ್ 70 ಬೇಟೆ ರೈಫಲನ್ನು ಮಾರಬೇಕೆಂದಿದ್ದೇವೆ. ಮೊದಲು ಪಾಲಿಶ್ ಮಾಡಿಸಬೇಕೆ? ಬೆಲೆಯನ್ನು ಹೇಗೆ ನಿರ್ಧರಿಸುವುದು?

ಉತ್ತರ: ದಯವಿಟ್ಟು ಪಾಲಿಶ್ ಮಾಡಿಸಬೇಡಿ. ಕಾರ್ಖಾನೆಯ ಮೂಲ ನೀಲಿಗಪ್ಪು ಲೇಪ ಅಲ್ಲಲ್ಲಿ ಸವೆದಿದ್ದರೂ ಸಂಗ್ರಾಹಕರು ಅದನ್ನೇ ಬಯಸುತ್ತಾರೆ. ಉಜ್ಜಿ ಹೊಸ ಲೇಪ ಕೊಟ್ಟ ಲೋಹದ ಮೇಲೆ ಕೆತ್ತಿದ ಅಕ್ಷರಗಳ ಅಂಚು ಮೊಂಡಾಗಿರುವುದನ್ನು ಬಲ್ಲವರು ಒಂದೇ ನೋಟಕ್ಕೆ ಗುರುತಿಸುತ್ತಾರೆ. ಈ ಮಾದರಿಯ ವಿನ್ಯಾಸ ಮತ್ತು ತಯಾರಿಕೆ 1964ರಲ್ಲಿ ಬದಲಾದ್ದರಿಂದ, ನಿಮ್ಮದು ಅದಕ್ಕೂ ಹಿಂದಿನದಾಗಿದ್ದರೆ ಬೆಲೆ ಸಾಮಾನ್ಯವಾಗಿ ಹೆಚ್ಚಿರುತ್ತದೆ; ಸರಣಿ ಸಂಖ್ಯೆಯನ್ನು ನೋಡಿ.

ಹೊರಗಿನ ಹೊಳಪಿಗಿಂತ ನಳಿಗೆಯ ಒಳಭಾಗ ಮುಖ್ಯ. ರೈಫಲ್ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ, ಹಿಂದೆ-ಮುಂದೆ ಜಾರುವ ಲೋಹದ ಭಾಗ) ತೆಗೆದು, ಬೆಳಕಿಗೆ ಹಿಡಿದು ನೋಡಿದಾಗ ಒಳಗಿನ ಸುರುಳಿ ಗೆರೆಗಳು ಸ್ಪಷ್ಟವಾಗಿ ಹೊಳೆಯಬೇಕು. ತುಕ್ಕು ತಿಂದ ಗುಳಿಗಳು ಕಂಡರೆ ಬೆಲೆ ಇಳಿಯುತ್ತದೆ. ಬೋಲ್ಟಿನ ಹಿಂದೆ ಮರದಲ್ಲಿ ಕಾಣುವ ಕೂದಲೆಳೆಯಂಥ ಬಿರುಕು, ಟೆಲಿಸ್ಕೋಪ್ ಕೂರಿಸಲು ಆಮೇಲೆ ಕೊರೆದ ತೂತು ಇವೂ ಬೆಲೆಯನ್ನು ತಗ್ಗಿಸುತ್ತವೆ.

ಮಾರುವವರು ಕೇಳುವ ದರವನ್ನು (ನಾನಂತೂ ಅದನ್ನು ಆಸೆಯ ದರ ಎನ್ನುತ್ತೇನೆ) ನೆಚ್ಚಬೇಡಿ. ಅದೇ ಮಾದರಿಯ, ಅದೇ ಕ್ಯಾಲಿಬರಿನ (ಅಂದರೆ ಅದೇ ಅಳತೆಯ ಗುಂಡಿನ), ಅಷ್ಟೇ ಸವೆದ ರೈಫಲ್ ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಮೊತ್ತವೇ ಆಧಾರ. ವ್ಯಾಪಾರಿ ತನ್ನ ಲಾಭ ಹಿಡಿದುಕೊಂಡು ಅದಕ್ಕಿಂತ ಕಡಿಮೆ ಹೇಳುವುದು ಸಹಜ. ಹಕ್ಕು ವರ್ಗಾವಣೆಯ ಕಾನೂನು ವಿಧಿಗಳು ಮುಗಿಯುವ ಮುನ್ನ ಮುಂಗಡ ಪಡೆಯಬೇಡಿ.