ಹಲ್ಲಿನ ಎಕ್ಸ್‌ರೇಯಲ್ಲಿ ಬೇರು ಉದ್ದವಾಗಿ ಬರುತ್ತಿದೆ, ಹೊಸ ಸೆನ್ಸರ್ ತಗೊಳ್ಳಬೇಕಾ?

ಮೇಲಿನ ಎದುರು ಹಲ್ಲಿನ ಬೇರು ಪ್ರತಿ ಸಲವೂ ಎಳೆದ ಹಾಗೆ ಉದ್ದ ಬರುತ್ತದೆ, ಕೆಲವೊಮ್ಮೆ ತುದಿಯೇ ಕಾಣುವುದಿಲ್ಲ, ಒಂದೂವರೆ ಲಕ್ಷದ ಸೆನ್ಸರ್ ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ತಪ್ಪು ಸೆನ್ಸರ್‌ನದ್ದಲ್ಲ, ಕಿರಣ ಬೀಳುವ ಕೋನದ್ದು. ಇದೇ ತಪ್ಪು ಮಾಡಿ ನಾನು ಒಬ್ಬ ಯಕ್ಷಗಾನ ಕಲಾವಿದರ ತಿರುಗಾಟ (ಮೇಳದ ಜೊತೆ ಊರೂರು ಹೋಗಿ ಆಡುವುದು) ಕೆಡಿಸಿದ್ದೇನೆ. ಅದನ್ನು ಮೊದಲು ಹೇಳುತ್ತೇನೆ.

ಬಿಡಿಎಸ್ ಮುಗಿಸಿ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಒಂದು ಕ್ಲಿನಿಕ್‌ಗೆ ಸೇರಿದ್ದೆ. ಬಾಯೊಳಗೆ ಇಟ್ಟರೆ ಚಿತ್ರವನ್ನು ಪರದೆಗೆ ತರುವ ಹಳೆಯ ಆರ್‌ವಿಜಿ (ಡಿಜಿಟಲ್ ಎಕ್ಸ್‌ರೇ) ಸೆನ್ಸರ್ ಒಂದಿತ್ತು. ಸೆನ್ಸರ್ ಹಿಡಿಯುವ ಹೋಲ್ಡರ್ ಇರಲಿಲ್ಲ, ಬೇರಿನ ತುದಿ ಎಲ್ಲಿದೆ ಅಂತ ತೋರಿಸುವ ಏಪೆಕ್ಸ್ ಲೊಕೇಟರ್ ಕೂಡ ಇರಲಿಲ್ಲ. ರೋಗಿಯೇ ಸೆನ್ಸರನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿಯುತ್ತಿದ್ದರು. ದೀಪಾವಳಿ ಹತ್ತಿರ ಬಂದಿತ್ತು. ಮೇಳ ಹೊರಡುವ ಹೊತ್ತು. ಸ್ತ್ರೀವೇಷ ಮಾಡುವ ಕಲಾವಿದರೊಬ್ಬರು ಬಂದರು. ಎಂದೋ ಬಿದ್ದು ಪೆಟ್ಟಾಗಿದ್ದ ಎದುರು ಹಲ್ಲು ಕಪ್ಪಾಗಿತ್ತು. ರೂಟ್ ಕೆನಾಲ್ (ಬೇರಿನ ನಾಳ ಶುಚಿ ಮಾಡಿ ತುಂಬುವುದು) ಮಾಡಬೇಕಿತ್ತು. "ಆಟ ಶುರುವಾಗುವ ಮೊದಲು ಮುಗಿಸಿ ಕೊಡಿ ಡಾಕ್ಟ್ರೇ, ಮತ್ತೆ ಪತ್ತನಾಜೆಯವರೆಗೆ ನನಗೆ ಪುರುಸೊತ್ತಿಲ್ಲ" ಅಂದರು. ಪತ್ತನಾಜೆ ಅಂದರೆ ಮೇ ಕೊನೆಯ ಹೊತ್ತಿಗೆ ಮೇಳದ ತಿರುಗಾಟ ಮುಗಿಯುವ ದಿನ.

ಅವರನ್ನು ಚೇರ್‌ನಲ್ಲಿ ಸ್ವಲ್ಪ ಹಿಂದಕ್ಕೆ ಒರಗಿಸಿದ್ದೆ. ಬಾಯಿ ನೋಡಲು ಹಾಗೆ ಒರಗಿಸಿಯೇ ಇರುತ್ತೇವಲ್ಲ, ಹಾಗೇ ಬಿಟ್ಟು ಎಕ್ಸ್‌ರೇ ತೆಗೆದೆ. ಕಾಲೇಜಿನಲ್ಲಿ ಕಲಿತದ್ದು ನೆನಪಿತ್ತು: ಮೇಲಿನ ಎದುರು ಹಲ್ಲಿಗೆ ಕಿರಣ 40ರಿಂದ 50 ಡಿಗ್ರಿ ಕೆಳಮುಖ. ಕಿರಣ ಬರುವ ಟ್ಯೂಬ್‌ನ ಪಕ್ಕದ ಅಂಕಿ ನೋಡಿ ಸರಿಯಾಗಿ 45ಕ್ಕೆ ಇಟ್ಟೆ. ಪರದೆಯಲ್ಲಿ ಅಳೆದರೆ ಹಲ್ಲು 26 ಮಿಲಿಮೀಟರ್. ಆ ಹಲ್ಲಿನ ಸರಾಸರಿ ಉದ್ದ 22-23. ಅಲ್ಲೇ ಸಂಶಯ ಬರಬೇಕಿತ್ತು. ಎತ್ತರದ ಮನುಷ್ಯ, ಹಲ್ಲೂ ಉದ್ದ ಇರಬಹುದು ಅಂದುಕೊಂಡೆ.

ಫೈಲನ್ನು (ನಾಳ ಶುಚಿ ಮಾಡುವ ಸಣ್ಣ ಸೂಜಿಯಂಥದ್ದು) 25 ಮಿಲಿಮೀಟರ್‌ಗೆ ಇಟ್ಟು ಇನ್ನೊಂದು ಎಕ್ಸ್‌ರೇ ತೆಗೆದೆ. ಅದರಲ್ಲಿ ಬೇರಿನ ತುದಿ ಸೆನ್ಸರ್‌ನಿಂದ ಹೊರಗೇ ಹೋಗಿತ್ತು. ಇನ್ನೊಮ್ಮೆ ತೆಗೆಯಬೇಕಿತ್ತು. ಸುಮ್ನೆ ಯಾಕೆ ಜಾಸ್ತಿ ವಿಕಿರಣ ಅಂತ ಬಿಟ್ಟೆ. ಸತ್ತ ಹಲ್ಲು, ಹಾಗಾಗಿ ಅವರಿಗೆ ನೋವೂ ಆಗಲಿಲ್ಲ. ನಾಳ ಒಣಗಿಸಲು ಹಾಕಿದ ಪೇಪರ್ ಪಾಯಿಂಟ್‌ನ (ಕಾಗದದ ಕಡ್ಡಿ) ತುದಿ ಮಾತ್ರ ರಕ್ತ ತಾಗಿ ಕೆಂಪಾಗಿ ಬರುತ್ತಿತ್ತು. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ನಾಳಕ್ಕೆ ಗಟಾ ಪರ್ಚ (ರಬ್ಬರಿನಂಥ ವಸ್ತು) ತುಂಬಿದೆ. ಅವರು ಬಾಯಿ ಮುಕ್ಕಳಿಸಲು ಎದ್ದು ಕೂತರು. ಕೂತಲ್ಲೇ, ಅದೇ 45ರಲ್ಲಿ, ಕೊನೆಯ ಎಕ್ಸ್‌ರೇ ತೆಗೆದೆ.

ಆ ಚಿತ್ರದಲ್ಲಿ ಹಲ್ಲು 22.5 ಇತ್ತು. ಗಟಾ ಪರ್ಚ ಬೇರಿನ ತುದಿ ದಾಟಿ ಬಿಳಿ ದಾರದ ಹಾಗೆ ಮೇಲೆ ಹೋಗಿತ್ತು.

ಒಂದೇ ಹಲ್ಲು, ಒಂದೇ ಸೆನ್ಸರ್, ಒಂದೇ ಅಂಕಿ. ಬದಲಾದದ್ದು ಅವರು ಕೂತ ರೀತಿ ಮಾತ್ರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇದರಲ್ಲೇ. ಟ್ಯೂಬ್‌ನ ಮೇಲಿನ ಅಂಕಿ ನೆಲದ ಲೆಕ್ಕದ್ದು. ಹಲ್ಲು ಎಷ್ಟು ವಾಲಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಪುಸ್ತಕದ 45 ಯಾರಿಗೆ? ನೆಟ್ಟಗೆ ಕೂತು, ಮೇಲಿನ ಹಲ್ಲಿನ ಸಾಲು ನೆಲಕ್ಕೆ ಸಮನಾಗಿರುವವರಿಗೆ. ತಲೆ 15 ಡಿಗ್ರಿ ಹಿಂದಕ್ಕೆ ಒರಗಿದರೆ ಮುಖ ಅಷ್ಟು ಮೇಲಕ್ಕೆ ತಿರುಗುತ್ತದೆ. ಆಗ ಹಲ್ಲಿನ ಪಾಲಿಗೆ ನಿಮ್ಮ 45 ಬರೀ 30. ಅಂಗಳದ ಅಡಿಕೆ ಮರ ನೋಡಿ. ಸಂಜೆ ಸೂರ್ಯ ತಗ್ಗಿದಾಗ ನೆರಳು ಗದ್ದೆಯವರೆಗೆ ಹೋಗುತ್ತದೆ, ಮಧ್ಯಾಹ್ನ ಬುಡದಲ್ಲೇ ಮುದುಡುತ್ತದೆ. ಮರ ಅಷ್ಟೇ ಇರುತ್ತದೆ. ಕೋನ ಕಡಿಮೆಯಾದರೆ ಬೇರು ಉದ್ದ, ಜಾಸ್ತಿಯಾದರೆ ಗಿಡ್ಡ. ಬೇರಿನ ಚಿತ್ರ ಉದ್ದವಾದಾಗ ತುದಿ ಸೆನ್ಸರ್‌ನ ಅಂಚು ದಾಟುತ್ತದೆ. ನಿಮಗೆ ತುದಿ ಕಾಣದಿರುವುದಕ್ಕೂ ಕಾರಣ ಇದೇ ಇರಬೇಕು. ಅಷ್ಟೇ ಅಲ್ಲ, ಹೆಬ್ಬೆರಳಲ್ಲಿ ಒತ್ತಿ ಹಿಡಿದ ಸೆನ್ಸರ್ ಎಷ್ಟು ಓರೆಯಾಗಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಪರದೆಯ ಅಳತೆಯನ್ನು ಅದರ ಮೇಲೆ ನಂಬಿದ್ದು ನನ್ನ ತಪ್ಪು.

ಮೂರನೇ ದಿನ ಅವರ ಮೇಲಿನ ತುಟಿ ಊದಿತು. ಸ್ತ್ರೀವೇಷದ ಮುಖಕ್ಕೆ ದಪ್ಪ ಬಣ್ಣದ ಮರೆ ಇರುವುದಿಲ್ಲ. "ಕನ್ನಡಿ ನೋಡಿದರೆ ಬಾಯಿ ಓರೆ ಕಾಣ್ತದೆ ಡಾಕ್ಟ್ರೇ. ಪ, ಬ, ಮ ಹೇಳ್ಲಿಕ್ಕೇ ಆಗುದಿಲ್ಲ, ಮಾತೇ ಇಲ್ಲದೆ ರಂಗಕ್ಕೆ ಹೋಗುದು ಹೇಗೆ?" ಅಂದರು. ಬೈಯಲಿಲ್ಲ. ಮಂಗಳೂರಿನ ತಜ್ಞರೊಬ್ಬರಲ್ಲಿಗೆ ನಾನೇ ಕರೆದುಕೊಂಡು ಹೋದೆ. ವಸಡು ಬಿಡಿಸಿ, ಹೊರಬಂದದ್ದನ್ನು ತೆಗೆದು, ಬೇರಿನ ತುದಿ ಕತ್ತರಿಸಿ ಮುಚ್ಚಿದರು. ತಿರುಗಾಟದ ಮೊದಲ 9 ಆಟ ಅವರಿಗೆ ತಪ್ಪಿತು. ಚಿಕಿತ್ಸೆಯ ಹಣ ನಾನು ಕೊಟ್ಟೆ. ತಪ್ಪಿದ ಆಟಗಳನ್ನು ಕೊಡಲು ನನ್ನಿಂದ ಆಗಲಿಲ್ಲ.

ಈಗ ನಿಮ್ಮ ವಿಷಯ. ಯಾವ ಸೆನ್ಸರ್ ಒಳ್ಳೆಯದು ಅನ್ನುವ ಚರ್ಚೆಗೆ ನಾನು ಬರುವುದೇ ಇಲ್ಲ. ಕಿರಣ ಬಿಡುವ ಸಮಯ ಹೆಚ್ಚು ಕಡಿಮೆ ಮಾಡಿ ನೋಡಿದೆ ಅಂತಲೂ ಬರೆದಿದ್ದೀರಿ. ಸಮಯದಿಂದ ಚಿತ್ರ ಕಪ್ಪಾಗುತ್ತದೆ ಇಲ್ಲವೇ ತೆಳುವಾಗುತ್ತದೆ, ಅಷ್ಟೇ. ಉದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ನೀವು ತಗೊಳ್ಳಬೇಕಾದದ್ದು ರಿಂಗ್ ಇರುವ ಹೋಲ್ಡರ್. ಸೆನ್ಸರ್ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ. ಅದು ಸೆನ್ಸರನ್ನು ಹಲ್ಲಿಗೆ ಸಮಾನಾಂತರವಾಗಿ ಹಿಡಿಯುತ್ತದೆ, ಟ್ಯೂಬನ್ನು ರಿಂಗ್‌ಗೆ ಸೇರಿಸಿದರೆ ಸಾಕು. ಆಮೇಲೆ ರೋಗಿ ಕೂತಿರಲಿ, ಒರಗಿರಲಿ, ಅಂಕಿ ನೋಡುವ ಕೆಲಸವೇ ಇಲ್ಲ. ರಿಂಗ್‌ಗೆ ಸರಿಯಾಗಿ ಸೇರಿಸಿದರೆ ಚಿತ್ರದ ಒಂದು ಮೂಲೆ ಬಿಳಿಯಾಗಿ ಕಟ್ ಆಗುವುದೂ ನಿಲ್ಲುತ್ತದೆ.

ಹೋಲ್ಡರ್ ಇಟ್ಟೂ ಕೆಡಿಸುವವರಿದ್ದಾರೆ. ಸೆನ್ಸರನ್ನು ಹಲ್ಲಿಗೆ ಅಂಟಿಸಿ ಇಡುತ್ತಾರೆ. ಅಲ್ಲಿ ಅಂಗುಳ ಇಳಿಜಾರು, ಸೆನ್ಸರ್ ಮತ್ತೆ ಓರೆಯಾಗುತ್ತದೆ. ಸ್ವಲ್ಪ ಹಿಂದಕ್ಕೆ, ಅಂಗುಳದ ನಡುವೆ ಇಡಿ. ಅಲ್ಲಿ ಎತ್ತರ ಸಿಗುತ್ತದೆ, ರೋಗಿಗೆ ಚುಚ್ಚುವುದೂ ಕಡಿಮೆ. ದವಡೆ ಹಲ್ಲುಗಳು ಒಂದರ ಮೇಲೊಂದು ಕೂತ ಹಾಗೆ ಕಂಡರೆ ಅದು ಬೇರೆ ತಪ್ಪು. ಟ್ಯೂಬ್ ಪಕ್ಕಕ್ಕೆ ತಿರುಗಿದೆ ಅಂತ ಅರ್ಥ. ಕಿರಣ ಎರಡು ಹಲ್ಲಿನ ಸಂದಿಯಲ್ಲಿ ನೇರ ಹೋಗಬೇಕು.

ಕಾಸರಗೋಡಿನ ಕ್ಲಿನಿಕ್‌ಗಳಲ್ಲಿ ಇನ್ನೊಂದು ಇದೆ. ತುಳು, ಮಲಯಾಳಂ, ಬ್ಯಾರಿ, ಕನ್ನಡ ಎಲ್ಲವೂ ಒಂದೇ ಬೆಳಿಗ್ಗೆ ಬರುತ್ತದೆ. "ಕಚ್ಚಿ ಹಿಡಿಯಿರಿ, ಅಲುಗಾಡಬೇಡಿ" ಅನ್ನುವುದನ್ನು ಅವರವರ ಮಾತಲ್ಲೇ ಹೇಳಲು ಕಲಿಯಿರಿ. ಅರ್ಥವಾಗದೆ ತಲೆ ಆಡಿಸಿದರೆ ಚಿತ್ರ ಮಸುಕಾಗುತ್ತದೆ.

ತುದಿ ಕಾಣದಿದ್ದರೆ ಇನ್ನೊಮ್ಮೆ ತೆಗೆಯಲು ಹೆದರಬೇಡಿ. ಒಂದು ಚಿಕ್ಕ ಡಿಜಿಟಲ್ ಎಕ್ಸ್‌ರೇಯ ವಿಕಿರಣ ಕೆಲವೇ ಮೈಕ್ರೋಸೀವರ್ಟ್. ಸುಮಾರಾಗಿ, ಒಂದು ದಿನದಲ್ಲಿ ಪ್ರಕೃತಿಯಿಂದಲೇ ನಮಗೆ ಸಿಗುವಷ್ಟು. ಆದರೆ ಮೊದಲು ಯಾಕೆ ತಪ್ಪಾಯಿತು ಅಂತ ನೋಡಿ, ಅದನ್ನು ಸರಿಮಾಡಿಯೇ ತೆಗೆಯಿರಿ. ರೋಗಿಯ ಬಾಯಿಯೊಳಗೆ ನೀವೇ ಬೆರಳಿಟ್ಟು ಸೆನ್ಸರ್ ಹಿಡಿಯಬೇಡಿ, ಒಂದು ದಿನವೂ.

ಹೋಲ್ಡರ್ ಬರುವವರೆಗೆ ಒಂದು ಕೆಲಸ ಮಾಡಿ. ಕಿತ್ತ ಹಲ್ಲೊಂದನ್ನು ಶುಚಿ ಮಾಡಿ, ಸ್ಕೇಲ್‌ನಲ್ಲಿ ಅಳೆದು, ಮೇಣದ ತುಂಡಿಗೆ ನೆಟ್ಟಗೆ ಚುಚ್ಚಿ. ಹಿಂದೆ ಸೆನ್ಸರನ್ನು, ಮೇಲ್ತುದಿ ಹಲ್ಲಿನಿಂದ ದೂರ ವಾಲುವ ಹಾಗೆ, ಸ್ವಲ್ಪ ಓರೆಯಾಗಿ ನಿಲ್ಲಿಸಿ. ಎರಡು ಮೀಟರ್ ದೂರ ನಿಂತು ಟ್ಯೂಬನ್ನು 30, 45, 60ಕ್ಕೆ ಇಟ್ಟು ಮೂರು ಚಿತ್ರ ತೆಗೆಯಿರಿ. ಮೂರನ್ನೂ ಪರದೆಯಲ್ಲಿ ಅಳೆದು, ಸ್ಕೇಲ್‌ನ ಅಳತೆಯ ಪಕ್ಕದಲ್ಲಿ ಬರೆದಿಡಿ. ಅದಾದ ಮೇಲೂ ಸೆನ್ಸರ್ ಬೇಕು ಅನ್ನಿಸಿದರೆ ಇಲ್ಲೇ ಬಂದು ಕೇಳಿ.